ಬಾವಿಯ ಮೇಲೆ ಎರಡು ಹಾರ್ನ್

ಸರ್ಕಾರ ಅದಕ್ಕೆ ಇಟ್ಟ ಹೆಸರು ‘ಜಲಭೂ ಸಂಚಾರಿಣಿ’. ಬರೆಸಿದ ಬಣ್ಣ ಒಣಗುವುದರೊಳಗೆ ಜನ ಅದನ್ನು ಕಪ್ಪೆಬಂಡಿ ಮಾಡಿದರು, ಆ ಹೆಸರೇ ನಿಂತಿತು. ರಸ್ತೆಯ ಮೇಲೆ ಅದು ಬಸ್ಸು. ಘಾಟಿನ ಇಳಿಜಾರಿನಲ್ಲಿ ನೀರಿಗಿಳಿದ ಕೂಡಲೇ ಗಾಲಿಗಳನ್ನು ಹೊಟ್ಟೆಗೆ ಮಡಚಿಕೊಂಡು, ಹಿಂದಿನ ಫ್ಯಾನು ತಿರುಗಿಸುತ್ತ ದೋಣಿಯಾಗುತ್ತಿತ್ತು. ಅಣೆಕಟ್ಟನ್ನು ಮತ್ತೆ ಮತ್ತೆ ಎತ್ತರಿಸಿ, ಕೃಷ್ಣೆಯ ಹಿನ್ನೀರು ಊರಿಗೆ ಊರನ್ನೇ ನುಂಗಿ ನೀರು ಕುಡಿದಿದ್ದ ಕಾಲ ಅದು. ದಿಬ್ಬದ ಮೇಲೆ ಉಳಿದ ಊರುಗಳಿಗೆ ಶಾಲೆ, ಸಂತೆ, ದವಾಖಾನೆ ಎಲ್ಲದಕ್ಕೂ ಕಪ್ಪೆಬಂಡಿಯೇ ಗತಿ.

ಆ ದಾರಿಯ ಮೊದಲ ಡ್ರೈವರು ಕಸ್ತೂರಿ. ಹೆಂಗಸು ಕಪ್ಪೆಬಂಡಿ ಬಿಡುತ್ತಾಳಂತೆ ಎಂದು ಮೀಸೆ ತಿರುವಿ ನಕ್ಕವರೆಲ್ಲ ಆಮೇಲೆ ಅವಳ ಬಂಡಿಯೇ ಬರಲಿ ಎಂದು ಘಾಟಿನಲ್ಲಿ ಕಾದು ಕೂತರು. ಕಸ್ತೂರಿ ಮದುವೆಯಾಗಲಿಲ್ಲ. ಅಪ್ಪ ತೀರಿಕೊಂಡಾಗ ತಂಗಿ ಇಂದುಮತಿ, ಮನೆಯವರ ಬಾಯಲ್ಲಿ ‘ಇಂದು’, ಇನ್ನೂ ಅಂಬೆಗಾಲಿಡುತ್ತಿದ್ದಳು. ಅವ್ವನ ಕೈಗೆ ಒಬ್ಬಳು ಆಸರೆಯಾಗಬೇಕಿತ್ತು. ಅದು ಯಾರು ಎಂದು ಮನೆಯಲ್ಲಿ ಯಾರೂ ಕೂತು ತೀರ್ಮಾನಿಸಲಿಲ್ಲ, ಹೇಗೋ ಕಸ್ತೂರಿಯೇ ಆದಳು. ತಂಗಿಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದಳು, ಓದಿಸಿದಳು, ಕಡೆಗೆ ತನ್ನ ವಿದ್ಯೆಯನ್ನೂ ಕಲಿಸಿದಳು.

ಕಲಿಸಿದ್ದು ಮನೆಯ ಅಂಗಳದಲ್ಲೇ. ಡ್ರೈವರ ಕಣ್ಣ ಮುಂದಿರುವ ಫಲಕವನ್ನು ರಂಗೋಲಿಯಲ್ಲಿ ಬರೆದು, ದೀಪಗಳಿಗೆ ಕುಂಕುಮ, ಅರಿಷಿಣ, ಹಸಿರು ಪುಡಿ ತುಂಬುತ್ತಿದ್ದಳು. ದೊಡ್ಡ ವರ್ತುಲ ಮುಳುಗಿನ ಮುಳ್ಳು: ಬಂಡಿಯ ಹೊಟ್ಟೆ ನೀರಿನೊಳಗೆ ಎಷ್ಟು ಇಳಿದಿದೆ ಎಂದು ಹೇಳುತ್ತದೆ. ಪಕ್ಕದ್ದು ವಾಲಿನ ಮುಳ್ಳು: ಯಾವ ಮಗ್ಗುಲಿಗೆ ಭಾರ ಬಿದ್ದಿದೆ ಎಂದು. ಕೆಳಗೆ ಮೂಲೆಯಲ್ಲಿರುವುದು ತಳದ ದೀಪ. ಬಂಡಿಯ ತಳದೊಳಗೆ ನೀರು ಬಂದರೆ ಅದು ಮೊದಲು ಹಳದಿಯಾಗಿ, ಆಮೇಲೆ ಕೆಂಪಾಗಿ ಹತ್ತುತ್ತದೆ. ಅದು ಹತ್ತಿದರೆ ಮಾತ್ರ ನೀರು ಹೊರಹಾಕುವ ಪಂಪು ಓಡುತ್ತದೆ.

“ಎಲ್ಲಾಕ್ಕಿಂತ ಮೊದಲನೇ ಪಾಠ ಯಾವ್ದು ಹೇಳು?” ಎಂದು ಕಸ್ತೂರಿ ಕೇಳುತ್ತಿದ್ದಳು.

“ಮುಳ್ಳು ಕಾಣದಿದ್ರ ಗಾಡಿ ನಿಂದ್ರಸು,” ಎಂದು ಇಂದು ರಾಗ ಎಳೆಯುತ್ತಿದ್ದಳು. “ಮಂಜು ಇರಲಿ, ಮಳಿ ಇರಲಿ, ಕಣ್ಣಾಗ ಧೂಳ ಬಿದ್ದಿರಲಿ. ಮುಳ್ಳು ಕಾಣದಿದ್ರ ನಿಂದ್ರಸು. ಅಕ್ಕಾ, ಎಷ್ಟ ಸಲ ಹೇಳಸ್ತಿ? ಗಿಳೀನೂ ಕಲೀತಿತ್ತು.”

“ಗಿಳಿ ಕಲೀತೈತಿ, ಗಾಡಿ ಬಿಡೂದಿಲ್ಲ,” ಎಂದು ಬಾಗಿಲಲ್ಲಿ ಕೂತ ಅವ್ವ ನಗುತ್ತಿದ್ದಳು. ಆಮೇಲೆ ಎದ್ದು, ಅಷ್ಟು ಚಂದದ ರಂಗೋಲಿಯ ಮೇಲೆ ಸೆಗಣಿ ನೀರು ಚಿಮುಕಿಸಿ ಒಳಗೆ ಕರೆಯುತ್ತಿದ್ದಳು. ರೊಟ್ಟಿ ಆರುತ್ತದಲ್ಲ.

ಇನ್ನು ಬಂಡಿಯ ಬುದ್ಧಿಯ ಮಾತು. ಹಳೆಯ ಯಂತ್ರಗಳ ಹಾಗೆ ಇದು ಹೇಳಿದ್ದನ್ನಷ್ಟೇ ಮಾಡುವಂಥದ್ದಲ್ಲ, ಡ್ರೈವರನ್ನು ನೋಡಿ ಕಲಿಯುವಂಥದ್ದು. ದೀಪ ಹತ್ತಿದಾಗ ಡ್ರೈವರು ಹೆಬ್ಬೆರಳಿನಿಂದ ‘ಗೊತ್ತಾಯಿತು’ ಗುಂಡಿ ಒತ್ತಬೇಕು. ಆಗ ಫಲಕ ಹೆಣ್ಣುದನಿಯಲ್ಲಿ “ಕಾರಣ?” ಎಂದು ಕೇಳುತ್ತದೆ. ಡ್ರೈವರು ಹೇಳಿದ್ದನ್ನು ಅದು ಕೇಳಿಸಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಬಂಡಿ ಎಲ್ಲಿತ್ತು, ಎಷ್ಟು ವಾಲಿತ್ತು, ಎಷ್ಟು ಮುಳುಗಿತ್ತು, ಆಮೇಲೆ ಕೆಡುಕೇನಾದರೂ ಆಯಿತೇ ಎಂಬುದನ್ನೆಲ್ಲ ಆ ಕಾರಣದ ಜೊತೆ ಗಂಟು ಹಾಕಿಕೊಳ್ಳುತ್ತದೆ. ಅದೇ ಜಾಗ, ಅದೇ ಕಾರಣ ಮತ್ತೆ ಮತ್ತೆ ಬಂದರೆ ಕಡೆಗೊಂದು ದಿನ ಕೇಳುವುದನ್ನೇ ಬಿಡುತ್ತದೆ. ದೀಪವನ್ನೂ ಹಚ್ಚುವುದಿಲ್ಲ. ಸಣ್ಣಪುಟ್ಟದಕ್ಕೆಲ್ಲ ದೀಪ ಹತ್ತಿಸಿ ಡ್ರೈವರ ತಲೆ ತಿನ್ನಬಾರದೆಂದು ಮಾಡಿದ ಏರ್ಪಾಡು ಅದು. ಒಂದು ಬಂಡಿ ಕಲಿತದ್ದನ್ನು ಸಂಜೆ ಘಾಟಿನಲ್ಲಿ ನಿಂತಾಗ ಉಳಿದ ಬಂಡಿಗಳೂ ಕಲಿಯುತ್ತಿದ್ದವು. ಮನುಷ್ಯರು ಹೀಗೆ ಒಬ್ಬರಿಂದೊಬ್ಬರು ಕಲಿಯುವಂತಿದ್ದರೆ ಲೋಕ ಎಂದೋ ಉದ್ಧಾರವಾಗುತ್ತಿತ್ತು ಎಂದು ಕಸ್ತೂರಿ ಆಗ ಅಂದುಕೊಂಡಿದ್ದಳು.

ದಾರಿಯ ನಡುಮಧ್ಯೆ, ಆಳದ ನೀರಿನ ಕೆಳಗೆ ಹಳೇ ಕೆಂಚರಗಲ್ಲು ಮಲಗಿತ್ತು. ಕಸ್ತೂರಿಯ ಅವ್ವ ಸೊಸೆಯಾಗಿ ಬಂದ ಊರು. ಆ ಊರಿನ ಸೀನೀರ ಬಾವಿಯ ನೀರಿಗೆ ಸುತ್ತ ಹಳ್ಳಿಯವರೂ ಬರುತ್ತಿದ್ದರಂತೆ. ದಿಬ್ಬದ ಮೇಲಿನ ಹೊಸ ಕೆಂಚರಗಲ್ಲಿನಲ್ಲಿ ಬೋರಿನ ನೀರು ಬರೀ ಸವಳು. ಬೇಳೆ ಬೇಯುವುದಿಲ್ಲ, ಬಾಯಿಗಿಟ್ಟರೆ ಒಗರು. ಹಾಗಾಗಿ ಕಪ್ಪೆಬಂಡಿ ಓಡಲು ಶುರುವಾದ ಹೊಸದರಲ್ಲಿ ಒಂದು ದಿನ ಅವ್ವ ಹಿತ್ತಾಳೆಯ ಕೊಡ, ಹಗ್ಗ ಹಿಡಿದು ಹತ್ತಿದಳು.

“ಅವ್ವಾ, ಕೊಡ ಯಾಕ?”

“ಬಾವಿ ಮ್ಯಾಲೆ ಬಂದಾಗ ಒಂದೀಟು ನಿಂದ್ರಸು. ದೇವರ ಜಗಲಿಗೆ ಒಂದ ಕೊಡ ಸೀನೀರು ಒಯ್ತೀನಿ.”

“ಅಲ್ಲವಾ, ಅಲ್ಲಿರೋದೂ ಹೊಳಿ ನೀರ, ಇಲ್ಲಿರೋದೂ ಹೊಳಿ ನೀರ. ಬಾವಿ ಎಲ್ಲೋ ತಳದಾಗ ಐತಿ.”

“ಮ್ಯಾಲೆ ಎಷ್ಟ ನೀರು ನಿಂತ್ರೂ ಕೆಳಗ ಇರೋದು ನಮ್ಮ ಬಾವಿನ. ಬುಗ್ಗಿ ಸುಮ್ನ ಇರ್ತೈತೇನ? ಮ್ಯಾಲೆ ಉಕ್ಕೇ ಉಕ್ಕತೈತಿ.”

ಅವ್ವನ ಮುಂದೆ ವಿಜ್ಞಾನ ಹೇಳುವ ಧೈರ್ಯ ಕಸ್ತೂರಿಗೆ ಇರಲಿಲ್ಲ. ಬಂಡಿ ನಿಧಾನ ಮಾಡಿದಳು. ಅವ್ವ ಪಕ್ಕದ ಬಾಗಿಲು ತೆಗೆದು, ಹೊಳೆಗೆ ಅರಿಷಿಣ ಕುಂಕುಮ ಬಿಟ್ಟು, ಹಗ್ಗದಲ್ಲಿ ಕೊಡ ಇಳಿಸಿ ಎಳೆದುಕೊಂಡಳು. ಎಳೆಯುವಾಗ ಅರ್ಧ ಕೊಡ ಬಂಡಿಯೊಳಗೇ ಚೆಲ್ಲಿ, ಹಲಗೆಯ ಸಂದಿನಿಂದ ತಳಕ್ಕೆ ಇಳಿಯಿತು. ತಳದ ದೀಪ ಹಳದಿಯಾಗಿ ಹತ್ತಿತು. ಕಸ್ತೂರಿ ಗುಂಡಿ ಒತ್ತಿದಳು.

“ಕಾರಣ?” ಎಂದಿತು ಫಲಕ.

“ಕೊಡದ ನೀರು,” ಎಂದಳು ಕಸ್ತೂರಿ, ನಗುತ್ತ.

ಅವ್ವನ ಕೊಡ ನೋಡಿದ ಮೇಲೆ ಊರಿನ ಉಳಿದ ಹೆಂಗಸರು ಬಿಡುತ್ತಾರೆಯೇ? ಮದುಮಕ್ಕಳ ಮೈಮೇಲೆ ಹೊಯ್ಯುವ ಸುರಗಿ ನೀರಿಗೆ, ಕೂಸಿಗೆ ಮೊದಲ ಸಲ ಎರೆಯುವ ನೀರಿಗೆ, ಶ್ರಾವಣದ ಪೂಜೆಗೆ, ಎಲ್ಲದಕ್ಕೂ ಸೀನೀರ ಬಾವಿಯದೇ ಬೇಕು. ಬಾವಿ ಬಂತೆಂದರೆ ಹೆಂಗಸರೆಲ್ಲ ಒಂದೇ ಮಗ್ಗುಲಿಗೆ ಬಂದು ನಿಲ್ಲುವರು. ಬಂಡಿ ವಾಲುವುದು, ತುಸು ಮುಳುಗುವುದು, ತಳದ ದೀಪ ಹತ್ತುವುದು. “ಕಾರಣ?” “ಕೊಡದ ನೀರು.” “ಕಾರಣ?” “ಅದ ಮತ್ತ, ಕೊಡದ ನೀರು.” ವರ್ಷ ಕಳೆಯುವುದರೊಳಗೆ ಫಲಕ ಅಲ್ಲಿ ಕೇಳುವುದನ್ನು ಬಿಟ್ಟಿತು, ದೀಪ ಹಚ್ಚುವುದನ್ನೂ ಬಿಟ್ಟಿತು. ಅಷ್ಟೇ ಅಲ್ಲ, ಬಾವಿ ಹತ್ತಿರವಾದರೆ ಯಾರೂ ಹೇಳದೆ ತಾನೇ ವೇಗ ಇಳಿಸತೊಡಗಿತು. “ಗಾಡಿಗೂ ದೈವಭಕ್ತಿ ಬಂತು ನೋಡ್ರೇ,” ಎಂದು ಹೆಂಗಸರು ಫಲಕಕ್ಕೆ ಹೂವೇರಿಸಿದರು.

ಕಸ್ತೂರಿಯ ಮೊಣಕಾಲು ಹಿಡಿದುಕೊಂಡ ಮೇಲೆ ಅವಳನ್ನು ಘಾಟಿನ ಮೇಲಿನ ಕಂಟ್ರೋಲ್ ರೂಮಿಗೆ ಹಾಕಿದರು. ಎಲ್ಲ ಬಂಡಿಗಳ ಫಲಕಗಳೂ ಅಲ್ಲಿಯ ಗೋಡೆಯ ಮೇಲೆ ಹಾಗ್ಹಾಗೆಯೇ ಕಾಣುತ್ತಿದ್ದವು. ಅವಳ ಬಂಡಿ ಇಂದುವಿನ ಕೈಗೆ ಬಂತು. ಇಂದು ಎಲ್ಲವನ್ನೂ ಅಕ್ಕನ ಹಾಗೆಯೇ ಮಾಡಿದಳು, ಒಂದನ್ನು ಮಾತ್ರ ತನ್ನದಾಗಿ ಸೇರಿಸಿದಳು. ಬಾವಿಯ ಮೇಲೆ ಬಂದಾಗ ಎರಡು ಸಲ ಹಾರ್ನ್ ಒತ್ತುತ್ತಿದ್ದಳು. ಪೀಂ, ಪೀಂ. ದಿಬ್ಬದ ಮೇಲೆ ಮನೆಯ ಕಟ್ಟೆಗೆ ಕೂತ ಅವ್ವನಿಗೆ ಅದು ಕೇಳಿಸುತ್ತಿತ್ತು. “ಇಂದಿ ಬಾವಿಗೆ ಬಂದ್ಲು,” ಎಂದು ಎದ್ದು ಹಂಚು ಇಡುತ್ತಿದ್ದಳು. ಇಂದು ಮನೆಗೆ ಬರುವ ಹೊತ್ತಿಗೆ ಬಿಸಿ ರೊಟ್ಟಿ ತಟ್ಟೆಯಲ್ಲಿರುತ್ತಿತ್ತು. ಸ್ವಲ್ಪ ದಿನದಲ್ಲಿ ಬಂಡಿ ಅದನ್ನೂ ಕಲಿಯಿತು. ಯಾವ ಬಂಡಿಯಾಗಲಿ, ಯಾರೇ ಬಿಡುತ್ತಿರಲಿ, ಬಾವಿಯ ಮೇಲೆ ತಾನೇ ನಿಧಾನವಾಗಿ ತಾನೇ ಎರಡು ಹಾರ್ನ್ ಹೊಡೆಯುತ್ತಿತ್ತು. ಡ್ರೈವರುಗಳು ಇಂದುವನ್ನು ರೇಗಿಸಿದ್ದೇ ರೇಗಿಸಿದ್ದು.

ಶ್ರಾವಣದ ಒಂದು ಸೋಮವಾರ. ಬೆಳಗಿನ ಬಿಸಿಲು ಚೆನ್ನಾಗಿತ್ತು. ಇಂದುವಿನ ಬಂಡಿ ತುಂಬ ಹೆಂಗಸರು, ಹೆಂಗಸರ ತುಂಬ ಕೊಡ. ಕಸ್ತೂರಿ ಕಂಟ್ರೋಲ್ ರೂಮಿನಲ್ಲಿ ಚಹಾ ಕುಡಿಯುತ್ತ ಗೋಡೆಯ ಫಲಕ ನೋಡುತ್ತಿದ್ದಳು. ಮುಳುಗಿನ ಮುಳ್ಳು ತುಸು ಕೆಳಗಿತ್ತು. ಇವತ್ತು ಕೊಡ ಜಾಸ್ತಿ, ಎಂದುಕೊಂಡಳು. ತಳದ ದೀಪ ಆರಿಯೇ ಇತ್ತು.

ರೇಡಿಯೋದಲ್ಲಿ ಇಂದುವಿನ ದನಿ ಬಂತು. “ಅಕ್ಕಾ, ಗಾಡಿ ಹಿಂದ ಭಾರ ಅನಸಾಕತ್ತೈತಿ. ದೀಪ ಏನೂ ಇಲ್ಲ. ನಿನಗೇನರ ಕಾಣತೈತೇನ?”

ಕಸ್ತೂರಿ ಮತ್ತೊಮ್ಮೆ ನೋಡಿದಳು. ಬಾವಿಯ ಜಾಗ. ವಾಲು ಇದೆ, ಯಾವಾಗಲೂ ಇರುವುದೇ. ಹಿಂದಿನಿಂದ ಹೆಂಗಸರ ಗದ್ದಲ ಕೇಳಿಸುತ್ತಿದೆ.

“ಕೊಡದ ನೀರವಾ. ನಡಿ ನೀ,” ಎಂದಳು.

“ಹೂಂ,” ಎಂದಳು ಇಂದು. ಬಂಡಿ ಪೀಂ, ಪೀಂ ಎಂದಿತು.

ಅದು ಕೊಡದ ನೀರಾಗಿರಲಿಲ್ಲ. ಮುಳುಗಿದ ಜಾಲಿಮರದ ಮೋಟು ಬಂಡಿಯ ಹೊಟ್ಟೆಗೆ ತಾಗಿ, ಹಿಂಗಾಲಿ ಮಡಚುವ ಜಾಗದ ರಬ್ಬರು ಹರಿದಿತ್ತು. ಹೊಳೆಯೇ ಒಳಗೆ ಬರುತ್ತಿತ್ತು. ಬಾವಿಯ ಜಾಗ ದಾಟಿದೊಡನೆ ತಳದ ದೀಪ ಹಳದಿಯನ್ನೂ ತೋರಿಸದೆ ನೇರ ಕೆಂಪಾಗಿ ಹತ್ತಿತು, ಪಂಪು ಓಡಿತು, ಆದರೆ ಅಷ್ಟರಲ್ಲಿ ಹಿಂಭಾಗ ನೀರಿನ ಮಟ್ಟಕ್ಕೆ ಬಂದಿತ್ತು. ಇಂದು ಒಬ್ಬೊಬ್ಬರಿಗೂ ತೇಲುವ ಜಾಕೆಟ್ಟು ತೊಡಿಸಿ ಹೊರಗೆ ತಳ್ಳಿದಳು. ಎಲ್ಲರೂ ಉಳಿದರು. ಹಿಂದಿನ ಸೀಟಿನಲ್ಲಿ ಒಬ್ಬ ಮುದುಕಿಯ ಸೆರಗು ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸಿ ಅವಳನ್ನು ಕಿಟಕಿಯಿಂದ ದಾಟಿಸಿದಳಂತೆ. ತಾನು ದಾಟುವಷ್ಟರಲ್ಲಿ ಬಂಡಿ ಹೋಗಿತ್ತು.

ಕಸ್ತೂರಿ ಗೋಡೆಯ ಮೇಲೆ ಆ ಫಲಕದ ದೀಪಗಳು ಒಂದೊಂದಾಗಿ ಆರುವುದನ್ನು ನೋಡುತ್ತಿದ್ದಳು. ಏನು ಕೂಗಿದಳೋ ಅವಳಿಗೆ ನೆನಪಿಲ್ಲ.

ಊರಿನವರು ಇಂದುವಿಗೆ ಮಣ್ಣು ಕೊಟ್ಟರು. ಊರಿಗೂರೇ ಅತ್ತಿತು, ಅವ್ವ ಮಾತ್ರ ಅಳಲಿಲ್ಲ. ಮಗಳಿಗೆ ಅರಿಷಿಣ ಹಚ್ಚಿದಳು, ವಿಭೂತಿ ಇಟ್ಟಳು, ಮೂರು ಹಿಡಿ ಮಣ್ಣು ಹಾಕಿದಳು, ಮನೆಗೆ ಬಂದು ಕಟ್ಟೆಯ ಮೇಲೆ ಕೂತಳು. “ಅತ್ತು ಹಗುರಾಗಬೇ,” ಎಂದು ನೆರೆಯವರು ತಬ್ಬಿಕೊಂಡರೆ ಅವರ ಬೆನ್ನನ್ನು ಅವಳೇ ಸವರಿದಳು. ಕೆಲವು ದಿನ ನಿಂತುಹೋಗಿದ್ದ ಬಂಡಿಗಳು ಮತ್ತೆ ಓಡಲು ಶುರುವಾದವು. ಮೊದಲ ಬಂಡಿ ಬಾವಿಯ ಮೇಲೆ ಬಂದಾಗ ಹೊಳೆಯ ಮೇಲಿಂದ ದನಿ ಬಂತು. ಪೀಂ, ಪೀಂ.

ಅವ್ವ ಎದ್ದು ಹಂಚು ಇಟ್ಟಳು.

ಕಸ್ತೂರಿ ಅವಳನ್ನೇ ನೋಡಿದಳು. “ಅವ್ವಾ...”

“ನನಗ ಹುಚ್ಚ ಹಿಡಿದಿಲ್ಲ, ಹಂಗ್ಯಾಕ ನೋಡ್ತಿ?” ಎಂದಳು ಅವ್ವ, ಹಿಟ್ಟು ನಾದುತ್ತ. “ಅಕಿ ಮಣ್ಣಾಗ್ಯಾಳ. ನಾನ ಹಿಡಿ ಮಣ್ಣ ಹಾಕೀನಿ. ಆದ್ರ ದಿನಾ ಬಾವಿಗೆ ಬಂದು ಕರೀತಾಳ. ಕರದಾಗ ಒಂದ ರೊಟ್ಟಿ ಬಡದ್ರ ನನ್ನ ಗಂಟೇನು ಹೋಗತೈತಿ?”

ಬಡಿದ ಆ ರೊಟ್ಟಿಯನ್ನು ಅವ್ವ ಕಸ್ತೂರಿಯ ತಟ್ಟೆಗೆ ಹಾಕಿದಳು. ಕಸ್ತೂರಿಗೆ ನುಂಗಲಾಗಲಿಲ್ಲ, ಉಗುಳಲೂ ಆಗಲಿಲ್ಲ.

ವಿಚಾರಣೆಗೆ ಬಂದ ಎಂಜಿನಿಯರು ಪ್ರಹ್ಲಾದ ಕಟ್ಟಿ ಧಾರವಾಡದವನು. ಸಣ್ಣ ವಯಸ್ಸು, ಮಾತಿನಲ್ಲಿ ನಯ. ಹೊಳೆಯಿಂದ ಎತ್ತಿದ ಬಂಡಿಯ ನೆನಪನ್ನು ಬಿಚ್ಚಿ ಓದಿ, ಕಸ್ತೂರಿಯನ್ನು ಕಂಟ್ರೋಲ್ ರೂಮಿನ ಹಿಂದಿನ ಕೋಣೆಗೆ ಕರೆದ. ಬಾಗಿಲು ಹಾಕಿದ.

“ಅಕ್ಕಾರ, ದೀಪ ಕೆಟ್ಟಿರಲಿಲ್ಲ,” ಎಂದ. “ನೀರು ಬಂದದ್ದು ಅದಕ್ಕ ಗೊತ್ತಿತ್ತು. ಆ ಜಾಗದಾಗ ನೀರು ಬಂದರ ಹೇಳಬಾರದು ಅಂತ ಕಲಿತಿತ್ತು. ಅದಕ್ಕ ಸುಮ್ಮನಿತ್ತು.”

“ಕಲಿಸಿದಾಕಿ ನಾ,” ಎಂದಳು ಕಸ್ತೂರಿ.

ರೇಡಿಯೋದ ಮಾತುಗಳೂ ಆ ನೆನಪಿನಲ್ಲಿದ್ದವು. ಅವನು ಅವನ್ನು ಕೇಳಿದ್ದಾನೆ ಎಂಬುದು ಅವಳ ಮುಖ ನೋಡಲಾಗದೆ ಅವನು ತಗ್ಗಿಸಿದ ಕಣ್ಣಿನಲ್ಲೇ ತಿಳಿಯುತ್ತಿತ್ತು. ನಡಿ ನೀ. ಆ ಎರಡು ಮಾತು ಆಡಿದವಳೂ ಅವಳೇ.

“ಈಗ ಎಲ್ಲಾ ಬಂಡಿಯೊಳಗ ಅದೇ ಪಾಠ ಕೂತದ,” ಎಂದು ಅವನು ಮುಂದುವರಿಸಿದ. “ಅಳಿಸಬೇಕು. ಕಲಿಸಿದವರ ಬೆರಳೇ ಬೇಕು ಅಳಿಸಲಿಕ್ಕೆ, ಯಂತ್ರಾನ ಹಂಗ ಮಾಡ್ಯಾರ. ಹೊರಗಿನವರು ಬಂದು ಹಾಳು ಮಾಡಬಾರದಂತ.”

“ಅಳಸ್ತೀನಿ. ಈಗ ಅಳಸ್ತೀನಿ. ನೀರಿನ ಪಾಠ ಅಷ್ಟ ಅಳಸ್ರಿ. ಹಾರ್ನ್ ಇರ್ಲಿ.”

ಕಟ್ಟಿ ತಲೆಯಾಡಿಸಿದ. “ಅದೇ ಕಷ್ಟ ನೋಡ್ರಿ. ಜಾಗ, ವೇಗ, ವಾಲು, ನೀರು, ಹಾರ್ನು ಎಲ್ಲಾ ಸೇರಿ ಒಂದೇ ಗಂಟಾಗ್ಯಾವ. ಒಂದು ಎಳಿ ಎಳದು ಒಂದು ಬಿಡಲಿಕ್ಕೆ ಆಗೂದಿಲ್ಲ. ಗಂಟು ಬಿಚ್ಚಿದರ ಇಷ್ಟು ವರ್ಷ ಕಲಿತದ್ದೆಲ್ಲಾ ಹೋಗ್ತದ.”

“ಆಮ್ಯಾಲೆ ನಾವ ಒತ್ತಿದ್ರ? ಡ್ರೈವರ್ರಿಗೆ ಹೇಳ್ತೀನಿ, ಬಾವಿ ಬಂದಾಗ ಎರಡ ಸಲ ಒತ್ರಪ್ಪಾ ಅಂತ.”

“ಒತ್ತಿದರ ಅದು ಮತ್ತ ಕಲೀತದ. ಈ ಜಾಗ ಏನೋ ವಿಶೇಷ ಅಂತ ತಿಳದು ಮತ್ತ ಗಂಟು ಹಾಕ್ಲಿಕ್ಕೆ ಶುರು ಮಾಡ್ತದ. ಆ ಬಾವಿ ಮ್ಯಾಲೆ ಇನ್ನ ಯಾರೂ ಏನೂ ಮಾಡಬಾರದು ಅಕ್ಕಾರ. ಬರೀ ನೀರಿನ ಹಂಗ ದಾಟಬೇಕು.” ಆಮೇಲೆ, “ಬೇಕಾದರ ಆ ಹಾರ್ನು ಒಂದು ಡಬ್ಬಿಯೊಳಗ ತುಂಬಿಕೊಡ್ತೇನಿ, ಮನಿಯೊಳಗ ಹಚ್ಚಬಹುದು,” ಎಂದ.

“ಮನಿಯಾಗ ಹಚ್ಚಿದ್ರ ಅದು ಡಬ್ಬಿ ಸಪ್ಪಳ ರೀ. ಅವ್ವಗ ಹೊಳಿ ಮ್ಯಾಲಿಂದ ಬರಬೇಕು.”

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವುದು ಮನುಷ್ಯರ ಮಾತು. ಯಂತ್ರಕ್ಕೆ ಒಂದು ಬೆರಳು ಸಾಕು. ಆ ಒಂದು ಬೆರಳನ್ನು ಕಸ್ತೂರಿ ಇಡಲಾರದೆ ಹೋದಳು. ನಾಳೆ ಎಂದಳು. ಮರುದಿನ ಮೊಣಕಾಲು ನೋವೆಂದಳು. ಅಳಿಸುವ ತನಕ ಪ್ರತಿ ಬಂಡಿಯಲ್ಲೂ ಒಬ್ಬ ಆಳು ಹಲಗೆ ಎತ್ತಿ ತಳವನ್ನೇ ನೋಡುತ್ತ ಕೂರಬೇಕೆಂದು ಏರ್ಪಾಡಾಯಿತು. ಬಂಡಿ ನಿಲ್ಲಿಸುವಂತಿರಲಿಲ್ಲ, ದಿಬ್ಬದ ಬಸುರಿಯರು, ಬಾಣಂತಿಯರು, ಪರೀಕ್ಷೆ ಬರೆಯುವ ಮಕ್ಕಳು ದಾಟಲೇಬೇಕು.

ಕಸ್ತೂರಿ ಅವ್ವನಿಗೆ ಹೇಳಬೇಕೆಂದು ದಿನವೂ ಬಾಯಿ ತೆಗೆದಳು, ದಿನವೂ ಮುಚ್ಚಿದಳು. ಏನೆಂದು ಹೇಳುವುದು? ನಿನ್ನ ಮಗಳ ದನಿ ಅಳಿಸುತ್ತೇನೆ ಎಂದರೆ ಯಾಕೆ ಎನ್ನುತ್ತಾಳೆ. ಯಾಕೆ ಎಂದರೆ ಕೊಡದ ಮಾತು ಬರುತ್ತದೆ. ಮೊದಲ ಕೊಡ ಯಾರದು ಎಂಬ ಮಾತು ಬರುತ್ತದೆ. ತಪ್ಪು ತನ್ನ ಹೆಬ್ಬೆರಳಿನದು, ತನ್ನ ನಾಲಿಗೆಯದು. ಅದನ್ನು ಬೇಕಾದರೆ ಸಾಯುವವರೆಗೂ ಹೊರುತ್ತಾಳೆ. ಅವ್ವನ ತಲೆಯ ಮೇಲೆ ಅದರ ಒಂದು ಹನಿಯೂ ಬೀಳಬಾರದು. ಹೊಳೆಯ ಕಡೆಯಿಂದ ಹಾರ್ನ್ ಕೇಳಿದಾಗೆಲ್ಲ ಅವ್ವನ ಮುಖ ಒಂದು ಗಳಿಗೆ ಹಗುರವಾಗುವುದನ್ನು ಅವಳು ಕಣ್ಣಾರೆ ನೋಡುತ್ತಿದ್ದಳು. ಅದೇ ಹಾರ್ನ್ ತನ್ನ ಎದೆಗೆ ಗುದ್ದುತ್ತಿತ್ತು. ಇಂದು ಬದುಕಿದ್ದಾಗ ಅದು ಎಷ್ಟು ಸಣ್ಣ ಸಪ್ಪಳವಾಗಿತ್ತು!

ಆಮೇಲೆ ಒಂದು ಮಧ್ಯಾಹ್ನ ಯಂಕಪ್ಪ ಎಂಬ ಡ್ರೈವರು ನೆನೆದ ಬಟ್ಟೆಯಲ್ಲೇ ಕಂಟ್ರೋಲ್ ರೂಮಿಗೆ ಬಂದ.

“ಕಸ್ತೂರಕ್ಕಾ, ಬಾವಿ ಮ್ಯಾಲೆ ನೀರು ಹೊಕ್ಕಿತ್ತು. ದೀಪ ಹತ್ತಲಿಲ್ಲ. ತಳ ನೋಡೋ ಹುಡುಗ ತೂಕಡಸಾಕತ್ತಿದ್ದ. ಒಂದ ಕೂಸು ‘ಯಪ್ಪಾ, ಕಾಲು ತೊಯ್ದಾವು’ ಅಂತು. ಅದು ಅನ್ನದಿದ್ರ...” ಅವನು ಅಂಗಿಯ ತುದಿಯ ನೀರು ಹಿಂಡಿದ. “ಸಾಲಿ ಮಕ್ಕಳ ಇದ್ವು ಅಕ್ಕಾ. ಗಾಡಿ ತುಂಬ.”

ಕಸ್ತೂರಿ ಗೋಡೆಯ ಕಡೆ ನೋಡಿದಳು. ಆ ಗೋಡೆಯ ಮೇಲೆ ಯಂಕಪ್ಪನ ಫಲಕವೂ ಇತ್ತು, ತಳದ ದೀಪ ಆರಿತ್ತು, ಅವಳು ಅಲ್ಲೇ ಕೂತಿದ್ದಳು. ಮಕ್ಕಳ ಕಾಲು ತೋಯುತ್ತಿದ್ದಾಗ ಅವಳು ಏನು ನೋಡುತ್ತಿದ್ದಳು? ಹಾರ್ನಿಗಾಗಿ ಕಿವಿಗೊಟ್ಟು ಕೂತಿದ್ದಳು. ಅವಳಿಗೆ ಹೇಸಿಗೆಯಾಯಿತು, ತನ್ನ ಮೇಲೆಯೇ.

ಹಿಂದಿನ ಕೋಣೆಗೆ ಹೋಗಿ, “ತರ್ರಿ ಅದನ್ನ,” ಎಂದಳು.

ಎಲ್ಲ ಬಂಡಿಗಳಿಗೂ ಜೋಡಿಸಿದ್ದ ಒಂದು ಫಲಕವನ್ನು ಕಟ್ಟಿ ಅವಳ ಮುಂದಿಟ್ಟ. ಅವಳು ಹೆಬ್ಬೆರಳಿಟ್ಟಳು. ಫಲಕ, ಇಷ್ಟು ವರ್ಷ ಅವಳ ಜೊತೆ ಮಾತಾಡಿದ ಅದೇ ದನಿಯಲ್ಲಿ, “ಅಳಿಸಿದ ಪಾಠ ಮರಳಿ ಬಾರದು. ಅಳಿಸಲೇ?” ಎಂದಿತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಏನು ಬಂತು? ಆದರೂ ಅವಳು ಅದಕ್ಕೆ ಹೇಳಿದಳು. “ಅಕಿ ನನ್ನ ತಂಗಿ. ನಾನ ಎತ್ತಿ ಆಡಿಸಿದ ಕೂಸು. ಗೊತ್ತೇನ ನಿನಗ?” ಫಲಕ ಎಲ್ಲವನ್ನೂ ಕೇಳಿಸಿಕೊಂಡು, “ಅಳಿಸಲೇ?” ಎಂದು ಮತ್ತೆ ಕೇಳಿತು.

“ಹೂಂ,” ಎಂದಳು.

ಸಪ್ಪಳವೂ ಇಲ್ಲ, ದೀಪವೂ ಇಲ್ಲ. ತಂಗಿಯನ್ನು ಎರಡನೇ ಸಲ ಕಳೆದುಕೊಳ್ಳುವುದು ಇಷ್ಟು ಸುಲಭದ ಕೆಲಸ ಎಂದು ಅವಳಿಗೆ ಗೊತ್ತಿರಲಿಲ್ಲ. ಕಟ್ಟಿ ಎದ್ದು ನಿಂತು ಕೈ ಮುಗಿದ.

ಮರುದಿನದ ಮೊದಲ ಬಂಡಿಯನ್ನು ತಾನೇ ಬಿಡುತ್ತೇನೆಂದು ಕಸ್ತೂರಿ ಹಟ ಹಿಡಿದಳು. ಯಾರೂ ಬೇಡ ಎನ್ನಲಿಲ್ಲ. ಹೊರಡುವಾಗ ಅವ್ವ ಸೆರಗು ಹೊದ್ದು ಬಾಗಿಲಲ್ಲಿ ನಿಂತಿದ್ದಳು. “ನಾನೂ ಬರ್ತೀನಿ,” ಎಂದಳು.

ಅವ್ವ ಬರಿಗೈಯಲ್ಲಿದ್ದಳು. ಹೊಳೆ ದಾಟುವಾಗ ಅವ್ವ ಬರಿಗೈಯಲ್ಲಿ ಹೊರಟದ್ದನ್ನು ಕಸ್ತೂರಿ ಕಂಡೇ ಇರಲಿಲ್ಲ.

“ಕೊಡ ಎಲ್ಲೆವಾ?”

“ಬ್ಯಾಡ ಬಿಡು,” ಎಂದಳು ಅವ್ವ. ಅಂಗಳ ದಾಟಿದ ಮೇಲೆ, ಕಸ್ತೂರಿಯ ಕಡೆ ನೋಡದೆ, ಮೆಲ್ಲಗೆ ಹೇಳಿದಳು. “ಚೆಲ್ಲತೈತಿ.”

ಕಸ್ತೂರಿ ನಿಂತುಬಿಟ್ಟಳು. ಅವ್ವನಿಗೆ ಗೊತ್ತಿತ್ತು. ಊರಲ್ಲಿ ಯಾರು ಆಡಿದ್ದರೋ, ತಾನೇ ಕೂತು ಲೆಕ್ಕ ಹಾಕಿದ್ದಳೋ. ಮೊದಲಿನಿಂದ ಗೊತ್ತಿದ್ದರೂ ಇರಬಹುದು; ಗೊತ್ತಿದ್ದೇ ಅಳದೆ ಕೂತಿದ್ದಳೇನೋ. ತಾನು ಅವ್ವನಿಂದ ಮುಚ್ಚಿಟ್ಟದ್ದನ್ನೇ ಅವ್ವ ತನ್ನಿಂದ ಮುಚ್ಚಿಟ್ಟಿದ್ದಳು. ಇಬ್ಬರೂ ಒಂದೇ ತಟ್ಟೆಯ ರೊಟ್ಟಿ ಮುರಿದು ತಿನ್ನುತ್ತ, ಬೇರೆ ಬೇರೆಯಾಗಿ ಒಂದೇ ಕಲ್ಲು ಹೊತ್ತಿದ್ದರು. “ಅವ್ವಾ, ನಿಂದಲ್ಲ, ನಾನ...” ಎಂದು ಶುರು ಮಾಡಿದಳು. ಅವ್ವ ಅವಳ ಕೈ ಹಿಡಿದು, “ನಡಿ, ಹೊತ್ತಾತು,” ಎಂದಳು.

ಬಂಡಿ ಘಾಟು ಇಳಿದು ಗಾಲಿ ಮಡಚಿತು. ಕಸ್ತೂರಿ ಮುಳ್ಳುಗಳನ್ನು ಓದಿದಳು. ಮುಳುಗು ಸರಿಯಿದೆ. ವಾಲು ಇಲ್ಲ. ತಳ ಒಣಗಿದೆ. ಫಲಕ ಹೊಸದಾಗಿ ಹುಟ್ಟಿದ ಕೂಸಿನ ಹಾಗೆ ಎಲ್ಲದಕ್ಕೂ ಹೆದರುತ್ತಿತ್ತು, ಸಣ್ಣ ತೆರೆ ಬಂದರೂ ಹಳದಿ ದೀಪ, “ಕಾರಣ?” ಅವಳು ತಾಳ್ಮೆಯಿಂದ ಉತ್ತರ ಕೊಟ್ಟಳು. ತೆರೆ. ಗಾಳಿ. ತೇಲಿ ಬಂದ ಕೊಂಬೆ. ಹಿಂದೆ ಕೂತ ಹೆಂಗಸರು ಯಾರೂ ಕೊಡ ತಂದಿರಲಿಲ್ಲ. ಅವ್ವ ಅವಳ ಪಕ್ಕದ ಸೀಟಿನಲ್ಲಿ ಹೊಳೆಯನ್ನು ನೋಡುತ್ತ ಕೂತಿದ್ದಳು.

ಬಾವಿ ಬಂತು. ಅಲ್ಲಿ ನೋಡಲು ಏನೂ ಇಲ್ಲ, ಎಲ್ಲ ಕಡೆಯ ಹಾಗೆ ಕೆಂಪು ನೀರು. ಕಸ್ತೂರಿಯ ಮೈಗೆ ಮಾತ್ರ ಗೊತ್ತಾಯಿತು. ಬಂಡಿಗೆ ಗೊತ್ತಾಗಲಿಲ್ಲ. ಅದು ವೇಗ ಇಳಿಸಲಿಲ್ಲ, ಹಾರ್ನ್ ಹೊಡೆಯಲಿಲ್ಲ, ಬರೀ ನೀರನ್ನು ದಾಟಿದ ಹಾಗೆ ದಾಟಿತು.

“ಬಾವಿ ದಾಟಿದ್ವೇನ?” ಎಂದಳು ಅವ್ವ.

“ದಾಟಿದ್ವೆವಾ.”

“ಇಂದಿ ಕರೀಲಿಲ್ಲಲ್ಲ.”

ಕಸ್ತೂರಿಯ ಹೆಬ್ಬೆರಳು ತಾನಾಗಿಯೇ ಹಾರ್ನಿನ ಮೇಲೆ ಹೋಗಿ ಕೂತಿತ್ತು. ಒತ್ತಿದರೆ ಆಯಿತು. ಎರಡೇ ಸಲ. ಅವ್ವನಿಗಾಗಿ, ಇವತ್ತೊಂದು ದಿನ. ಆದರೆ ನಾಳೆಯೂ ಅವ್ವನೇ ಇರುತ್ತಾಳೆ, ಬೆರಳೂ ಇದೇ ಇರುತ್ತದೆ. ಯಂತ್ರ ನೋಡುತ್ತಿದೆ, ಕಲಿಯಲು ಕಾದು ಕೂತಿದೆ. ಅವಳು ಬೆರಳನ್ನು ಕಿತ್ತು ತೆಗೆದಳು.

ಆಗ ಅವ್ವ ಕಿಟಕಿಯ ಕಡೆ ತಿರುಗಿ, ದಾಟಿ ಬಂದ ನೀರಿನ ಕಡೆ ನೋಡಿ, ತಾನೇ ಬಾಯಿಂದ ಮೆಲ್ಲಗೆ ಅಂದಳು.

“ಪೀಂ... ಪೀಂ.”

ಯಂತ್ರ ಕಲಿಯದ ದನಿ ಅದು. ಆಮೇಲೆ ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಇಷ್ಟು ದಿನ ಬಾರದ ಅಳು ಸೆರಗಿಗೆ ನಿಲ್ಲದೆ ಬಂತು. “ನನ್ನ ಕೂಸೇ, ನನ್ನ ಇಂದೀ, ಒಂದ ಕೊಡ ನೀರಿಗೆ ನಿನ್ನ ಕೊಟ್ನಲ್ಲೇ,” ಎಂದು ಎದೆ ಬಡಿದುಕೊಂಡು ಅತ್ತಳು. ಹಿಂದಿನ ಸೀಟುಗಳಿಂದ ಹೆಂಗಸರೆಲ್ಲ ಎದ್ದು ಬರತೊಡಗಿದರು.

ಕಸ್ತೂರಿಯ ಕಣ್ಣು ತುಂಬಿತು. ಒರೆಸಿಕೊಂಡಳು, ಮತ್ತೆ ತುಂಬಿತು. ಮುಳುಗಿನ ಮುಳ್ಳು, ವಾಲಿನ ಮುಳ್ಳು, ತಳ, ಎಲ್ಲವೂ ಕಲಸಿ ಒಂದಾದವು. ಅಂಗಳದ ರಂಗೋಲಿಯ ಮುಂದೆ ಕೂತು ತಂಗಿಗೆ ಹೇಳಿಕೊಟ್ಟ ಮೊದಲನೇ ಪಾಠ ನೆನಪಾಯಿತು. ಅವಳು ಬಂಡಿ ನಿಲ್ಲಿಸಿದಳು. ಫ್ಯಾನು ನಿಂತಿತು, ಬಂಡಿ ನಡುಹೊಳೆಯಲ್ಲಿ ಸುಮ್ಮನೆ ತೇಲಿತು.

“ಕಾರಣ?” ಎಂದು ಫಲಕ ಕೇಳಿತು.

“ಡ್ರೈವರ್‌ಗೆ ಮುಳ್ಳು ಕಾಣವಲ್ಲವು,” ಎಂದಳು ಕಸ್ತೂರಿ.